‘ಇದು ಬ್ಯಾಡ್ರಿ’ ಅನ್ನುತ್ತಿದ್ದ ಅಂಗಡಿಕಾರ

ಪ್ರಶ್ನೆ: ಗದಗಿನ ಬೆಟಗೇರಿಯಲ್ಲಿ ನಮ್ಮ ತಂದೆಯವರ ಕಿರಾಣಿ ಅಂಗಡಿ ಇದೆ. 1983ರಲ್ಲಿ ಹಾಕಿದ್ದು, ಜಾಗ ಸ್ವಂತದ್ದು. ನಾಲ್ಕು ವರ್ಷದ ಹಿಂದೆ ದಿನಕ್ಕೆ ಹದಿನಾಲ್ಕು ಸಾವಿರ ರೂಪಾಯಿ ವ್ಯಾಪಾರ ಆಗುತ್ತಿತ್ತು. ಹತ್ತಿರದಲ್ಲೇ ಮಾರ್ಟ್ ಆದ ಮೇಲೆ ಎಂಟು ಸಾವಿರಕ್ಕೆ ಇಳಿದಿದೆ. ಉದ್ರಿ ಬಾಕಿ 3.8 ಲಕ್ಷ ನಿಂತಿದೆ. ತಂದೆಯವರಿಗೆ 67 ವರ್ಷ. ಗಿರಾಕಿಗಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ, ಚಹಾ ತರಿಸುತ್ತಾರೆ, ಸಾಮಾನು ಮನೆಗೆ ಮುಟ್ಟಿಸುತ್ತಾರೆ. ಅದೇ ಗಿರಾಕಿಗಳು ತಿಂಗಳ ಮೊದಲ ವಾರ ಮಾರ್ಟಿಗೆ ಹೋಗುತ್ತಾರೆ, ಕೊನೇ ವಾರ ಉದ್ರಿಗೆ ನಮ್ಮಲ್ಲಿ ಬರುತ್ತಾರೆ. ನಾನು ಬಿ.ಕಾಂ. ಮುಗಿಸಿ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೇನೆ. ಅಂಗಡಿ ಮುಚ್ಚಿಸಲೋ, ನೌಕರಿ ಬಿಟ್ಟು ಬರಲೋ? ತಂದೆಯವರ ಆ ಹಳೆಯ ನಮೂನೆಯ ಸೇವೆಗೆ ಇನ್ನು ಬೆಲೆಯೇ ಇಲ್ಲವೇ?

ಉತ್ತರ: ನೌಕರಿ ಬಿಡಬೇಡಿ. ಅಂಗಡಿಯನ್ನೂ ಈಗಲೇ ಮುಚ್ಚಿಸಬೇಡಿ. ಬರುವ ದೀಪಾವಳಿಯ ಅಂಗಡಿ ಪೂಜೆಯವರೆಗೆ ಸಮಯ ತೆಗೆದುಕೊಳ್ಳಿ. ಅಷ್ಟರೊಳಗೆ ಮಾಡಬೇಕಾದ ಲೆಕ್ಕ ಒಂದಿದೆ, ಇಳಿಸಬೇಕಾದ ಸರಕು ಒಂದಿಷ್ಟಿದೆ, ತಂದೆಯವರಿಂದ ಕೇಳಿ ಬರೆದುಕೊಳ್ಳಬೇಕಾದದ್ದು ಬಹಳ ಇದೆ.

ಹುಬ್ಬಳ್ಳಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ನಾನು ಅಂಗಡಿಗಳ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡುತ್ತಿದ್ದೇನೆ. ದುರ್ಗದಬೈಲಿನ ಸುತ್ತಲಿನ ಕಿರಾಣಿಗಳು, ಹಳೇ ಹುಬ್ಬಳ್ಳಿಯ ಎಣ್ಣೆ ಅಂಗಡಿಗಳು, ಅಮರಗೋಳ ಎಪಿಎಂಸಿಯ ದಲ್ಲಾಳಿಗಳು, ಹಾವೇರಿ ಕಡೆಯ ಬೀಜ–ಗೊಬ್ಬರದವರು, ಇಂಥವರ ಕೀರ್ದಿ ಪುಸ್ತಕಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಮುಚ್ಚಿದ ಅಂಗಡಿಗಳ ಕೊನೆಯ ವರ್ಷದ ಪುಸ್ತಕಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಎಷ್ಟೋ ಅಂಗಡಿಗಳು ತಮಗೆ ಲಾಭ ಎಲ್ಲಿಂದ ಬರುತ್ತಿದೆ ಎಂದು ಗೊತ್ತಿಲ್ಲದೆ ಮುಚ್ಚಿದವು. ಮಗ ‘ಇದರಾಗ ಏನೈತಿ’ ಅಂತ ಕೇಳಿದ, ತಂದೆಗೆ ಅಂಕಿಯಲ್ಲಿ ಉತ್ತರ ಕೊಡಲು ಆಗಲಿಲ್ಲ, ಶಟರ್ ಇಳಿಯಿತು. ನಿಮ್ಮ ಮನೆಯಲ್ಲಿ ಹಾಗೆ ಆಗಬಾರದು ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ದಿನಕ್ಕೆ ಎಂಟು ಸಾವಿರ ಅಂದರೆ ತಿಂಗಳಿಗೆ 2.4 ಲಕ್ಷ. ಇದರಲ್ಲಿ ಪ್ಯಾಕೆಟ್ ಮಾಲು ಎಷ್ಟು, ತೂಗಿ ಕೊಡುವ ಬಿಡಿ ಮಾಲು ಎಷ್ಟು ಎಂದು ನೀವು ಬರೆದಿಲ್ಲ. ಪ್ಯಾಕೆಟ್ 1.4 ಲಕ್ಷ, ಬಿಡಿ ಒಂದು ಲಕ್ಷ ಎಂದು ಹಿಡಿಯುತ್ತೇನೆ; ನಿಮ್ಮ ನಿಜವಾದ ಅಂಕಿ ಸಿಕ್ಕಾಗ ತಿದ್ದಿಕೊಳ್ಳಿ. ಸೋಪು, ಬಿಸ್ಕಿಟ್, ಟೂತ್‌ಪೇಸ್ಟ್‌ಗಳಲ್ಲಿ ಚಿಲ್ಲರೆ ಅಂಗಡಿಗೆ ಉಳಿಯುವುದು ನೂರಕ್ಕೆ ಎಂಟರಿಂದ ಹತ್ತು. ಒಂಬತ್ತು ಎಂದರೆ 12,600. ಬೇಳೆ, ಜೋಳ, ಮೆಣಸಿನಕಾಯಿ, ಬೆಲ್ಲ, ಶೇಂಗಾ ಇವುಗಳಲ್ಲಿ ಮಾಲು ಆರಿಸಿ ತರುವ ಕಣ್ಣಿದ್ದವರಿಗೆ ನೂರಕ್ಕೆ ಹದಿನೈದು ಸಿಗುತ್ತದೆ. ಅದು 15,000. ಒಟ್ಟು 27,600. ಸಾಮಾನು ಮುಟ್ಟಿಸುವ ಹುಡುಗನ ಪಗಾರ ಒಂಬತ್ತು ಸಾವಿರ, ಕರೆಂಟು 1,800, ಇಲಿ, ಹುಳ, ತೂಕದ ಸವಕಳಿ 1,500 ಕಳೆದರೆ ಉಳಿಯುವುದು 15,300. ನಿಮ್ಮ ತಂದೆಯವರು ಇದನ್ನೇ ಲಾಭ ಅಂದುಕೊಂಡಿರಬೇಕು.

ಆದರೆ ಉದ್ರಿಯಲ್ಲಿ ನಿಂತ 3.8 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ಹಿಡಿದರೂ ತಿಂಗಳಿಗೆ 3,800 ಆಗುತ್ತದೆ. ಅದು ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ, ಆದರೆ ಹೋಗುತ್ತಿರುವುದು ನಿಮ್ಮ ಗಲ್ಲೆಯಿಂದಲೇ. ಆ ಜಾಗವನ್ನು ಬಾಡಿಗೆಗೆ ಕೊಟ್ಟರೆ ಆರು ಸಾವಿರ ಬರುತ್ತದೆ ಎಂದುಕೊಳ್ಳಿ. ಎರಡನ್ನೂ ಕಳೆದರೆ ಉಳಿದದ್ದು 5,500. ಬೆಳಗಿನ ಆರೂವರೆಯಿಂದ ರಾತ್ರಿ ಒಂಬತ್ತರವರೆಗೆ ತಂದೆಯವರೂ, ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ನಿಮ್ಮ ತಾಯಿಯವರೂ ಕುಳಿತದ್ದರ ಕೂಲಿ ಅಷ್ಟು. ಈ ಅಂಕಿ ನೋಡಿ ಬೇಸರ ಮಾಡಿಕೊಳ್ಳಬೇಡಿ. ಇದೇ ಅಂಕಿಯನ್ನು ಹೇಗೆ ಎತ್ತಬಹುದು ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಕೊನೆಯ ಪ್ರಶ್ನೆ: ಸೇವೆಗೆ ಬೆಲೆ ಇದೆಯೇ?

ಸೇವೆ ಅಂದರೆ ಯಾವುದು ಎಂಬುದರ ಮೇಲೆ ಅದಿದೆ. ಹೆಸರು ಹಿಡಿದು ಕರೆಯುವುದು, ಚಹಾ ತರಿಸುವುದು ಒಳ್ಳೆಯ ರೀತಿ. ಆದರೆ ನಮ್ಮ ತಾಯಿ ಅರ್ಧ ಹರದಾರಿ ನಡೆದು ಒಂದೇ ಅಂಗಡಿಗೆ ಹೋಗುತ್ತಿದ್ದದ್ದು ಚಹಾಕ್ಕಲ್ಲ. ಯುಗಾದಿ ಹತ್ತಿರ ಬಂದಾಗ ಒಮ್ಮೆ ಬೆಲ್ಲ ಕೇಳಿದಳು. ಅಂಗಡಿಯ ಕಾಕಾ ಪೆಂಟಿಯಿಂದ ಒಂದು ಚೂರು ಒಡೆದು ಬಾಯಿಗೆ ಹಾಕಿಕೊಂಡು, ‘ಇದು ಹೋಳಗಿಗೆ ಬ್ಯಾಡ್ರೀ ಅಕ್ಕಾರ, ಹೂರಣ ಕಪ್ಪಾಕ್ಕೈತಿ. ಎರಡ ದಿನಾ ಬಿಟ್ಟ ಬರ್ರಿ, ಹೊಸಾ ಮಾಲು ಬರತೈತಿ’ ಅಂದರು. ಕೈಗೆ ಬಂದ ವ್ಯಾಪಾರವನ್ನು ತಾವಾಗಿ ಬಿಟ್ಟರು. ಆ ದಿನದಿಂದ ನಮ್ಮ ಮನೆಯ ಯಾದಿ ಮತ್ತೊಂದು ಅಂಗಡಿಗೆ ಹೋಗಲಿಲ್ಲ. ನಾನು ಬೆಳೆದು ಇದೇ ವೃತ್ತಿಗೆ ಬಂದ ಮೇಲೆ ನೂರಾರು ಅಂಗಡಿ ನೋಡಿದೆ. ಹಳೆಯ ವ್ಯಾಪಾರದ ಗುರುತು ಅದೊಂದೇ ಎಂದು ಈಗ ಅನಿಸುತ್ತದೆ: ಗಿರಾಕಿಗೆ ‘ಇದು ಬ್ಯಾಡ್ರಿ’ ಅನ್ನುವ ಅಧಿಕಾರ ಮತ್ತು ಧೈರ್ಯ.

ಆ ಮಾತಿನ ಹಿಂದೆ ಎರಡು ತಿಳಿವಳಿಕೆ ಇತ್ತು. ಒಂದು, ಮಾಲಿನದು. ಜೋಳದ ಹಿಟ್ಟು ರೊಟ್ಟಿಗೆ ಜಿಗಿ ಬರುತ್ತದೋ ಇಲ್ಲವೋ ಎಂದು ಕಾಳು ಹಲ್ಲಿಗೆ ಹಾಕಿ ಹೇಳುವುದು. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳನ್ನು ಬಣ್ಣ, ಸುಕ್ಕು ನೋಡಿ ಗುರುತಿಸಿ, ‘ಬಣ್ಣಕ್ಕ ಇದು, ಖಾರಕ್ಕ ಗುಂಟೂರು ಒಂದಿಷ್ಟು ಕೂಡಸ್ರಿ’ ಎನ್ನುವುದು. ಎರಡನೆಯದು ಮನೆಯದು. ಯಾದಿಯಲ್ಲಿ ಸಾಬೂದಾನಿ ಕಂಡರೆ ‘ಯಾರಿಗೆ ಆರಾಮಿಲ್ರೀ?’ ಎಂಬ ಪ್ರಶ್ನೆ ಬರುತ್ತಿತ್ತು. ಐದು ಕಿಲೋ ಸಕ್ಕರೆ ಒಯ್ಯುವ ಮನೆ ಎರಡು ಕಿಲೋ ಬರೆದರೆ ಕಾಕಾ ಏನೂ ಕೇಳುತ್ತಿರಲಿಲ್ಲ, ಆ ತಿಂಗಳು ಬಾಕಿಯನ್ನೂ ಕೇಳುತ್ತಿರಲಿಲ್ಲ. ಮಾರ್ಟಿನ ಕಂಪ್ಯೂಟರಿಗೂ ಇಂದು ನೀವು ಎಷ್ಟು ಸಕ್ಕರೆ ಒಯ್ದಿರಿ ಎಂದು ಗೊತ್ತು. ಆ ತಿಳಿವಳಿಕೆಯಿಂದ ಅದು ನಿಮಗೆ ಇನ್ನೊಂದು ವಸ್ತು ತೋರಿಸುತ್ತದೆ. ಬಾಕಿ ಕೇಳದೆ ಸುಮ್ಮನಿರುವುದು ಅದಕ್ಕೆ ಬರುವುದಿಲ್ಲ.

ಹಾಗಾದರೆ ಈ ಅಂಗಡಿ ಏಕೆ ಸೊರಗಿತು? ಎಲ್ಲರೂ ಮಾರ್ಟನ್ನು ಬೈಯುತ್ತಾರೆ. ನನ್ನ ಕಣ್ಣಿಗೆ ಕಾಣುವುದು ಬೇರೆ. ಸೇರು, ಪಾವು ಹೋಗಿ ಕಿಲೋ ಬಂದಾಗ ಅಂಗಡಿ ಅಲುಗಾಡಲಿಲ್ಲ. ಅಲುಗಾಡಿದ್ದು ಪ್ಯಾಕೆಟ್ ಬಂದಾಗ. 1990ರಲ್ಲಿ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ಪದ್ಧತಿ ಕಡ್ಡಾಯವಾಯಿತು. ಗಿರಾಕಿಗೆ ಅದು ಒಳ್ಳೆಯದೇ, ಮೋಸ ಕಡಿಮೆಯಾಯಿತು. ಆದರೆ ಅಂಗಡಿಕಾರನಿಗೆ ಏನಾಯಿತು ನೋಡಿ. ಬೆಲೆಯನ್ನು ಕಂಪನಿ ಹೇಳಿತು, ತೂಕವನ್ನು ಕಂಪನಿ ಹೇಳಿತು, ಗುಣವನ್ನು ಟಿ.ವಿ. ಹೇಳಿತು. ಬಾಯಿಗೆ ಹಾಕಿ ನೋಡುವ, ಮೂಸುವ, ಹಲ್ಲಿಗೆ ಕೊಡುವ ಕೆಲಸವೆಲ್ಲ ಹೋಗಿ, ಕೈ ಚಾಚಿ ಮೇಲಿನ ಹಲಗೆಯಿಂದ ಇಳಿಸಿಕೊಡುವುದು ಮಾತ್ರ ಉಳಿಯಿತು. ಅದೂ ಸುಲಭದ ದುಡ್ಡು ಎಂದು ನಮ್ಮವರು ಬಿಡಿ ಮಾಲಿನ ಚೀಲಗಳನ್ನು ಹಿಂದಕ್ಕೆ ಸರಿಸಿ ಬಣ್ಣಬಣ್ಣದ ಪ್ಯಾಕೆಟ್ಟುಗಳನ್ನು ಮುಂದಕ್ಕೆ ತೂಗುಹಾಕಿದರು. ಹತ್ತು ಹದಿನೈದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾರ್ಟ್ ಬಂದು, ‘ಇಳಿಸುವ ಕೆಲಸ ನೀವೇ ಮಾಡಿಕೊಳ್ಳಿ, ಐದು ರೂಪಾಯಿ ಕಡಿಮೆ’ ಅಂತು. ಆಗ ಅಂಗಡಿಕಾರನ ಹತ್ತಿರ ಹೇಳಲು ಮಾತೇ ಉಳಿದಿರಲಿಲ್ಲ.

ಮಾರ್ಟಿನ ದರ ಹೇಗೆ ಸಾಧ್ಯ ಎಂದು ನಿಮ್ಮ ತಂದೆಯವರು ಕೇಳಿರುತ್ತಾರೆ. ಸೋಪಿನ ಪುಡಿ ಅವರಿಗೆ ಡಿಸ್ಟ್ರಿಬ್ಯೂಟರ್ ಕೊಡುವ ದರಕ್ಕಿಂತ ಕಡಿಮೆಗೆ ಅಲ್ಲಿ ಗಿರಾಕಿಗೇ ಸಿಗುತ್ತದೆ. ಇದರಲ್ಲಿ ಮಾಟವಿಲ್ಲ. ದೊಡ್ಡ ಮಳಿಗೆಗಳು ಲಾರಿಗಟ್ಟಲೆ ನೇರ ಕೊಳ್ಳುತ್ತವೆ, ಕೆಲವು ಹಣವನ್ನು ವಾರದೊಳಗೆ ಚುಕ್ತಾ ಮಾಡುತ್ತವೆ, ನಡುವಿನ ಡಿಸ್ಟ್ರಿಬ್ಯೂಟರಿನ ಪಾಲು ಉಳಿಯುತ್ತದೆ, ಮುಂದಿನ ಸಾಲಿನಲ್ಲಿ ತಮ್ಮ ವಸ್ತು ಇಡಲು ಕಂಪನಿಗಳೇ ಹಣ ಕೊಡುತ್ತವೆ. ಈ ಭೇದದ ಬಗ್ಗೆ ವಿತರಕರೇ ತಿರುಗಿಬಿದ್ದಿದ್ದಾರೆ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್ ವಸ್ತುಗಳ ಪೂರೈಕೆಯನ್ನು ಕೆಲವು ದಿನ ನಿಲ್ಲಿಸಿದ್ದರು. 2024ರಲ್ಲಿ ಅಖಿಲ ಭಾರತ ಮಟ್ಟದ ವಿತರಕರ ಒಕ್ಕೂಟ, ಒಂದು ವರ್ಷದಲ್ಲಿ ಸುಮಾರು ಎರಡು ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿದವು ಎಂದು ಹೇಳಿತು. ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ಗಳ ಹೊಡೆತ ಹೆಚ್ಚು ಬಿದ್ದದ್ದು ಮಹಾನಗರಗಳಲ್ಲಿ. ಬೆಟಗೇರಿಗೆ ಅದು ಪೂರ್ತಿ ಬರುವ ಮೊದಲು ನಿಮಗೆ ಒಂದಿಷ್ಟು ಕಾಲವಿದೆ. ಈ ದರದ ಜಗಳದಲ್ಲಿ ನೀವು ಗೆಲ್ಲುವುದಿಲ್ಲ. ಆ ಕಣಕ್ಕೆ ಇಳಿಯಲೇಬೇಡಿ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಉತ್ತರ ಅಪ್ರಾಮಾಣಿಕವಾಗುತ್ತದೆ. ಹಳೆಯ ಅಂಗಡಿಯ ಆ ಪ್ರೀತಿ ಎಲ್ಲರಿಗೂ ಸಿಕ್ಕಿದ್ದಲ್ಲ. ನನ್ನ ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಾನು ಸಣ್ಣವನಿದ್ದಾಗ ಅಲ್ಲಿ ಕೇರಿಯ ಜನ ಅಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ. ರೊಕ್ಕವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು, ಪೊಟ್ಟಣವನ್ನು ಮೇಲಿನಿಂದ ಸೆರಗಿಗೆ ಹಾಕುತ್ತಿದ್ದರು. ನಮ್ಮ ಮನೆಯವರು ಅದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಆ ಕೇರಿಯಿಂದ ಬಂದು ಈಗ ಹುಬ್ಬಳ್ಳಿಯಲ್ಲಿ ಸರ್ಕಾರಿ ನೌಕರಿಯಲ್ಲಿರುವ ನನ್ನ ಶಾಲೆಯ ಗೆಳೆಯನಿಗೆ ‘ಮಾರ್ಟಿಗೆ ಯಾಕ ಹೋಗ್ತೀಯೋ?’ ಎಂದು ಕೇಳಿದ್ದೆ. ‘ಅಲ್ಲಿ ಅಕ್ಕಿ ನಾನಾ ಮುಟ್ಟಿ ನೋಡತೇನಿ. ಯಾರೂ ಏನೂ ಅನ್ನೂದಿಲ್ಲ’ ಅಂದ. ಅವನಿಗೆ ಹೇಳಲು ನನ್ನಲ್ಲಿ ಉತ್ತರ ಇರಲಿಲ್ಲ, ಇಂದಿಗೂ ಇಲ್ಲ. ಹಳೆಯ ಸೇವೆಯನ್ನು ನಾವು ಉಳಿಸುವುದಾದರೆ, ಮಾರ್ಟಿನಿಂದ ಈ ಒಂದನ್ನು ಕಲಿತೇ ಉಳಿಸಬೇಕು. ನಿಮ್ಮ ಅಂಗಡಿಯ ಚೀಲಗಳ ಬಾಯಿ ರಸ್ತೆಯ ಕಡೆ ತೆರೆದಿರಲಿ, ಯಾರು ಬೇಕಾದರೂ ಒಳಗೆ ಬಂದು ಕೈ ಹಾಕಿ ಕಾಳು ನೋಡಲಿ. ಗಲ್ಲೆಯ ಮುಂದಿನ ಅಡ್ಡ ಹಲಗೆ ಇದ್ದರೆ ತೆಗೆಸಿಬಿಡಿ.

ಈಗ ಉದ್ರಿ. ನಿಮ್ಮ ಸಂಕಟದ ಬೇರು ಇಲ್ಲಿದೆ.

ನಮ್ಮ ಕಡೆ ಉದ್ರಿ ಎಂದೂ ದಾನವಾಗಿರಲಿಲ್ಲ, ಅದಕ್ಕೊಂದು ಕಾಲಮಾನ ಇತ್ತು. ರೈತರ ಮನೆಯ ಉದ್ರಿ ಮುಂಗಾರಿನಲ್ಲಿ ಏರುತ್ತಿತ್ತು. ಶ್ರಾವಣ–ಭಾದ್ರಪದದಲ್ಲಿ ಹೆಸರು ಬಂದಾಗ ಅರ್ಧ ಇಳಿಯುತ್ತಿತ್ತು, ಹತ್ತಿ, ಶೇಂಗಾ ಮಾರಿದಾಗ ಇನ್ನಷ್ಟು, ಹಿಂಗಾರಿಯ ಕಡಲೆ, ಬಿಳಿಜೋಳ ಆದ ಮೇಲೆ ಯುಗಾದಿಯ ಹೊತ್ತಿಗೆ ಚುಕ್ತಾ. ಬೆಟಗೇರಿಯಲ್ಲಿ ನೇಕಾರರ ಮನೆಗಳದು ಬೇರೆ ಲಯ, ವಾರದ ಬಟವಡೆಗೆ ಕಟ್ಟಿದ ಉದ್ರಿ. ಅಂಗಡಿಕಾರನಿಗೆ ಮಳೆ ಯಾವಾಗ ಬಿತ್ತು, ಮಗ್ಗ ಎಷ್ಟು ದಿನ ನಿಂತಿತು ಎಂಬುದು ಗೊತ್ತಿರುತ್ತಿತ್ತು. ಯಾರಿಗೆ ಎಷ್ಟು, ಎಲ್ಲಿಯವರೆಗೆ ಎಂಬ ಮಿತಿ ತಲೆಯಲ್ಲೇ ಇರುತ್ತಿತ್ತು. ಆ ಲಯ ಈಗ ಮುರಿದಿದೆ. ಮುರಿದದ್ದರಲ್ಲಿ ಮೈಕ್ರೋಫೈನಾನ್ಸಿನ ಪಾಲು ದೊಡ್ಡದು. ವಾರದ ಕಂತಿಗೆ ಮನೆ ಬಾಗಿಲಲ್ಲಿ ಬಂದು ಕೂರುವವರಿಗೆ ಮೊದಲು ಕೊಡಲೇಬೇಕು. ಸುಮ್ಮನಿರುವ ಕಿರಾಣಿ ಕಾಕಾನ ಬಾಕಿ ಕೊನೆಗೆ ಉಳಿಯುತ್ತದೆ. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಈ ವಸೂಲಿಯ ಕಾಟಕ್ಕೆ ಬೀದಿಗೆ ಬಂದದ್ದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದದ್ದು ನಿಮಗೆ ನೆನಪಿರಬಹುದು. ಬಡ್ಡಿಯಿಲ್ಲದ ನಿಮ್ಮ ತಂದೆಯವರ ಉದ್ರಿ ಆ ಮನೆಗಳಿಗೆ ಎಷ್ಟು ದೊಡ್ಡ ಆಸರೆ ಎಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಆದ್ದರಿಂದಲೇ ‘ಇಂದು ರೋಖ, ನಾಳೆ ಉದ್ರಿ’ ಎಂಬ ಬೋರ್ಡು ಹಾಕಿರಿ ಎಂದು ನಾನು ಹೇಳುವುದಿಲ್ಲ.

ನನ್ನ ಸಲಹೆ ಇಷ್ಟು. ಬಾಕಿ ಇರುವ ಎಲ್ಲ ಮನೆಗಳನ್ನು ಬೇರೆ ಬೇರೆ ಹಾಳೆಗೆ ತೆಗೆಯಿರಿ, ಕೊನೆಯ ಬಾರಿ ಹಣ ಕೊಟ್ಟ ದಿನಾಂಕ ಬರೆಯಿರಿ. ಒಂದು ನಿಯಮ ತಿಳಿದಿರಲಿ: ಸರಕು ಕೊಟ್ಟ ದಿನದಿಂದ ಮೂರು ವರ್ಷ ದಾಟಿದರೆ ಕೋರ್ಟಿನಲ್ಲಿ ಆ ಬಾಕಿಗೆ ಬಲವಿಲ್ಲ. ಅವಧಿ ಮುಗಿಯುವ ಮುಂಚೆ ಗಿರಾಕಿ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಆ ದಿನದಿಂದ ಹೊಸ ಮೂರು ವರ್ಷ ಶುರು. ಬರೀ ನಿಮ್ಮ ಖಾತೆ ಪುಸ್ತಕದಲ್ಲಿನ ಬರಹವೊಂದೇ ಸಾಲ ಸಾಬೀತು ಮಾಡಲು ಸಾಲದು ಎಂದೂ ಕಾನೂನು ಹೇಳುತ್ತದೆ. ಹಾಗೆಂದು ಮುನ್ನೂರು, ಐನೂರು ರೂಪಾಯಿಗೆ ಕೋರ್ಟಿಗೆ ಹೋಗಿ ಎನ್ನುತ್ತಿಲ್ಲ. ಸಹಿ ಕೇಳುವ ನೆಪದಲ್ಲಿ ಒಮ್ಮೆ ಮಾತಾಡಿದರೆ ಅರ್ಧ ಬಾಕಿ ಸದ್ದಿಲ್ಲದೆ ಬರುತ್ತದೆ. ಕೇಳುವುದನ್ನು ತಂದೆಯವರಿಗೆ ಬಿಡಿ, ನೀವು ಹೋಗಬೇಡಿ. ನಲವತ್ತು ವರ್ಷ ಕಂಡ ಮುಖದ ಎದುರು ‘ಇಲ್ಲ’ ಅನ್ನುವುದು ಜನಕ್ಕೆ ಕಷ್ಟ, ಹುಡುಗನ ಎದುರು ಸುಲಭ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ವಾರ, ಬಟವಡೆಯ ದಿನ, ಹೆಸರು ಮಾರಿದ ವಾರ, ಹೀಗೆ ಹೊತ್ತು ನೋಡಿ ಕೇಳಲಿ. ಮುಂದೆ ಪ್ರತಿ ಮನೆಗೂ ಒಂದು ಮಿತಿ ಗೊತ್ತು ಮಾಡಿ. ಉದ್ರಿ ಬಿಡಿ ಮಾಲಿಗೆ ಮಾತ್ರ, ಪ್ಯಾಕೆಟ್ಟಿಗೆ ಇಲ್ಲ. ಈ ಒಂದು ಕಟ್ಟು ಹಾಕಿದರೆ ಮೊದಲ ವಾರದ ಮಾರ್ಟಿನ ಕಥೆಯೂ ತಾನಾಗಿ ನೇರವಾಗುತ್ತದೆ: ಸೋಪು, ಬಿಸ್ಕಿಟು ಅಲ್ಲಿಂದ ತರಲಿ, ಬೇಳೆ ಬೆಲ್ಲ ಎರಡೂ ವಾರ ನಿಮ್ಮಲ್ಲೇ ಕೊಳ್ಳಲಿ.

ಸರಕಿನ ಮಾತು. ಪ್ಯಾಕೆಟ್ ಹಲಗೆಯನ್ನು ಅರ್ಧಕ್ಕೆ ಇಳಿಸಿ. ದಿನನಿತ್ಯ ಓಡುವ ಇಪ್ಪತ್ತು ವಸ್ತು ಸಾಕು. ಸೇಲ್ಸ್‌ಮನ್ ಸ್ಕೀಮಿನ ಆಸೆಗೆ ತುಂಬಿಸಿ ಹೋದ ಶಾಂಪೂ ಸರಗಳು ಬೇಡ. ಬಿಡಿ ಮಾಲಿಗೆ ಕಾನೂನಿನಲ್ಲೇ ಒಂದು ಅನುಕೂಲವಿದೆ, ಬಹಳ ಅಂಗಡಿಕಾರರು ಇದನ್ನು ಗಮನಿಸಿಲ್ಲ. 2022ರ ಜುಲೈ 18ರಿಂದ ಅಕ್ಕಿ, ಬೇಳೆ, ಹಿಟ್ಟುಗಳನ್ನು ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿ, 25 ಕಿಲೋವರೆಗಿನ ಚೀಲದಲ್ಲಿ ಮಾರಿದರೆ ನೂರಕ್ಕೆ ಐದು ಜಿಎಸ್‌ಟಿ. ಅದೇ ಬೇಳೆಯನ್ನು ಚೀಲದಿಂದ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಮಾರ್ಟಿನ ದರಕ್ಕೆ ಹತ್ತಿರ ನಿಲ್ಲಲು ನಿಮಗೆ ಇರುವ ಜಾಗ ಇದು.

ಇದರ ಮೇಲೆ ತಂದೆಯವರ ಕಣ್ಣನ್ನು ಕೂಡಿಸಿ. ನಾಗರ ಪಂಚಮಿಗೆ ಎಂಟು ದಿನ ಮುಂಚೆ ಪ್ರತಿ ಮನೆಗೂ ಉಂಡಿಯ ಸಾಮಾನಿನ ಯಾದಿಯನ್ನು ಅಂಗಡಿಯೇ ಬರೆದಿಡಲಿ: ಶೇಂಗಾ ಇಷ್ಟು, ಎಳ್ಳು ಇಷ್ಟು, ಪುಟಾಣಿ ಇಷ್ಟು, ಪಾಕಕ್ಕೆ ನಿಲ್ಲುವ ಬೆಲ್ಲ ಇಷ್ಟು. ಹೋದ ವರ್ಷ ಯಾವ ಮನೆ ಎಷ್ಟು ಒಯ್ದಿತ್ತು ಎಂಬುದು ಅವರ ಪುಸ್ತಕದಲ್ಲೇ ಇದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಕೊಳ್ಳುವ ಕಾಲ. ತಂದೆಯವರು ಒಮ್ಮೆ ಬ್ಯಾಡಗಿ ಪೇಟೆಗೆ ಹೋಗಿ, ಹತ್ತು ಹದಿನೈದು ಮನೆಯ ಮಾಲನ್ನು ಆರಿಸಿ ತಂದು, ಬಿಸಿಲಿಗೆ ಹಾಕಿ ತೊಟ್ಟು ತೆಗೆಸಿ ಕೊಡಲಿ. 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಆ ಸೀಮೆಯ ಬೆಳೆಗಷ್ಟೇ ಸಲ್ಲುವ ಹೆಸರಿನ ಮಾನ್ಯತೆ, ಸಿಕ್ಕ ಆ ಮೆಣಸಿನಕಾಯಿಯ ಹೆಸರಿನಲ್ಲಿ ಏನೇನೋ ಮಾರುವ ಈ ಕಾಲದಲ್ಲಿ, ‘ಇದು ನಾನಾ ನೋಡಿ ತಂದದ್ದು’ ಎನ್ನುವ ಮಾತಿಗೆ ಜನ ಹಣ ಕೊಡುತ್ತಾರೆ. ಗುರೆಳ್ಳು, ಅಗಸಿ, ಗಾಣದ ಕುಸುಬಿ ಎಣ್ಣೆ, ಸಜ್ಜಕದ ರವಾ ಇಂಥವೂ ಹಾಗೆಯೇ. ಧಾರವಾಡದ ಲೈನ್ ಬಜಾರಿನ ಪೇಡೆ ಅಂಗಡಿಯ ಮುಂದೆ ಇಂದಿಗೂ ಜನ ಸಾಲುಗಟ್ಟುತ್ತಾರೆ. ಅಲ್ಲಿ ಯಾರೂ ಚಹಾ ತರಿಸಿ ಉಪಚಾರ ಮಾಡುವುದಿಲ್ಲ. ಅಲ್ಲಿನ ಮಾಲು ಬೇರೆಡೆ ಸಿಗುವುದಿಲ್ಲ, ಅಷ್ಟೇ.

ಈಗ ಲೆಕ್ಕ ಮತ್ತೆ ಹಾಕಿ. ಪ್ಯಾಕೆಟ್ 70 ಸಾವಿರಕ್ಕೆ ಇಳಿದು 6,300 ಉಳಿಯಿತು. ಬಿಡಿ ಮಾಲು 1.6 ಲಕ್ಷಕ್ಕೆ ಏರಿ 24,000 ಉಳಿಯಿತು. ವ್ಯಾಪಾರ ಮೊದಲಿಗಿಂತ ಹತ್ತು ಸಾವಿರ ಕಡಿಮೆ, ಉಳಿತಾಯ 30,300. ಖರ್ಚು ಅದೇ 12,300. ಉದ್ರಿ ಒಂದೂವರೆ ಲಕ್ಷಕ್ಕೆ ಇಳಿದರೆ ಅದರ ಬಡ್ಡಿ 1,500. ಜಾಗದ ಬಾಡಿಗೆ ಆರು ಸಾವಿರ ಕಳೆದು ಉಳಿದದ್ದು 10,500. ಐದೂವರೆ ಸಾವಿರ ಇದ್ದ ಕೂಲಿ ಸುಮಾರು ಎರಡು ಪಟ್ಟಾಯಿತು. ತಂದೆ–ತಾಯಿಯವರ ಸಂಸಾರಕ್ಕೆ, ಸ್ವಂತ ಜಾಗದ ಬಲದಲ್ಲಿ, ಇದು ಮರ್ಯಾದೆಯ ಗಳಿಕೆ. ನಾಳೆ ಮದುವೆಯಾಗಿ ಮಕ್ಕಳನ್ನು ಓದಿಸಬೇಕಾದ ನಿಮಗೆ ಸಾಲದು. ನೌಕರಿ ಬಿಡಬೇಡಿ ಎಂದು ಮೊದಲ ಸಾಲಿನಲ್ಲೇ ಹೇಳಿದ್ದು ಇದಕ್ಕೆ.

ಇನ್ನೂ ಮೇಲೆ ಹೋಗಬೇಕಾದರೆ ಒಬ್ಬರೇ ಹೋಗಲಾಗದು. ಬೆಟಗೇರಿಯಲ್ಲಿ ನಿಮ್ಮಂಥ ಅಂಗಡಿಗಳು ಆರೇಳು ಉಳಿದಿರಬಹುದು. ಎಲ್ಲರೂ ಕೂಡಿ ಗದಗ ಎಪಿಎಂಸಿಯಲ್ಲೋ ಅಮರಗೋಳದಲ್ಲೋ ಬೇಳೆ, ಸಕ್ಕರೆ, ಎಣ್ಣೆ ಒಟ್ಟಿಗೆ ಎತ್ತಿದರೆ ಸಾಗಾಣಿಕೆಯೂ ಉಳಿಯುತ್ತದೆ, ದರವೂ ಇಳಿಯುತ್ತದೆ. ‘ನಮ್ಮವರು ಕೂಡೂದಿಲ್ರೀ’ ಎಂದು ತಂದೆಯವರು ಅನ್ನಬಹುದು. ನಿಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಅದನ್ನು ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಂದು ಕರೆಯುತ್ತಾರೆ. ಸಹಕಾರ ಸಂಘಗಳ ಕಾಯ್ದೆ ಬಂದು ಆಗ ಒಂದೇ ವರ್ಷವಾಗಿತ್ತು. ಅವರೂ ಸಾಹುಕಾರರ ಬಡ್ಡಿಯಿಂದ ಬೇಸತ್ತವರೇ. ನಿಮ್ಮ ಕೂಟಕ್ಕೆ ಮೊದಲೇ ಸಂಘ, ನೋಂದಣಿ ಎಂದು ಹೊರಡಬೇಡಿ. ಮೂರು ಅಂಗಡಿ ಸೇರಿ ಒಂದು ಟೆಂಪೋ ಬೇಳೆ ತಂದು ಹಂಚಿಕೊಂಡು ನೋಡಿ.

ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮ ಅಂಕಿ ನೋಡಿ ಸುಮ್ಮನಿರಲಾರೆ. ದಿನಕ್ಕೆ ಹದಿನಾಲ್ಕು ಸಾವಿರ ಅಂದರೆ ವರ್ಷಕ್ಕೆ 51 ಲಕ್ಷ. ಸರಕಿನ ವ್ಯಾಪಾರಿ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಈ ಮಿತಿಗೆ ತೆರಿಗೆ ಇಲ್ಲದ ಅಕ್ಕಿ, ಬೇಳೆಯ ವ್ಯಾಪಾರವೂ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗಷ್ಟೇ ನೋಂದಣಿಯಿಂದ ವಿನಾಯಿತಿ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಲಕ್ಷಗಟ್ಟಲೆ ರೂಪಾಯಿಯ ನೋಟಿಸು ಬಂದದ್ದು, ಆಮೇಲೆ ಹಳೆಯ ಬಾಕಿಗೆ ಒತ್ತಾಯವಿಲ್ಲ ಎಂದು ಸರ್ಕಾರ ಹೇಳಿದ್ದು ಎಲ್ಲರಿಗೂ ಗೊತ್ತು. ಆ ವಾರ ಎಷ್ಟೋ ಅಂಗಡಿಗಳು ಯುಪಿಐ ಫಲಕ ಕಿತ್ತುಹಾಕಿದವು. ನೀವು ಕೀಳಬೇಡಿ. ದಿನಕ್ಕೆ ಹದಿನಾಲ್ಕು ಸಾವಿರ ವ್ಯಾಪಾರವಿದ್ದ ಆ ವರ್ಷ ತಂದೆಯವರು ನೋಂದಣಿ ಮಾಡಿಸಿದ್ದರೋ ಇಲ್ಲವೋ ಮೊದಲು ನೋಡಿ. ಮಾಡಿಸಿರದಿದ್ದರೆ ಹತ್ತಿರದ ತೆರಿಗೆ ಸಲಹೆಗಾರರ ಹತ್ತಿರ ಪುಸ್ತಕ ಹಿಡಿದು ಹೋಗಿ. ಈಗಿನ ವ್ಯಾಪಾರ ವರ್ಷಕ್ಕೆ 29 ಲಕ್ಷದ ಸುಮಾರು, ಅದಕ್ಕೆ ಹೆದರಿಕೆಯಿಲ್ಲ. ಮುಂದೆ ಮತ್ತೆ 40 ದಾಟಿದರೆ ಕಾಂಪೊಸಿಷನ್ ಯೋಜನೆ ಇದೆ. ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗೆ ತೆರಿಗೆ ನೂರಕ್ಕೆ ಒಂದು, ಅದನ್ನು ಗಿರಾಕಿಯಿಂದ ಬೇರೆಯಾಗಿ ಕೀಳುವಂತಿಲ್ಲ.

2020ರ ಲಾಕ್‌ಡೌನಿನಲ್ಲಿ ನಿಮ್ಮ ತಂದೆಯವರು ಏನು ಮಾಡಿದರು ಎಂದು ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ಹುಬ್ಬಳ್ಳಿಯ ಓಣಿಗಳಲ್ಲಿ ನಾನು ಕಂಡಂತೆ, ಹಿಂಬಾಗಿಲಿನಿಂದ ಯಾದಿ ತೆಗೆದುಕೊಂಡು, ರೊಕ್ಕ ಆಮೇಲೆ ನೋಡೋಣ ಎಂದು ಸಾಮಾನು ಮುಟ್ಟಿಸಿದವರು ಇಂಥ ಕಾಕಾಗಳೇ. ಆರು ತಿಂಗಳು ಕಳೆದು ಪೇಟೆ ತೆರೆದ ಮೇಲೆ ಆ ಗಿರಾಕಿಗಳು ಮತ್ತೆ ಮಾರ್ಟಿನ ದಾರಿ ಹಿಡಿದರು. ವ್ಯಾಪಾರ ಇಳಿದದ್ದಕ್ಕಿಂತ ಅದು ಅವರಿಗೆ ಹೆಚ್ಚು ನೋವು ಕೊಟ್ಟಿದೆ. ಪುಸ್ತಕ ತೆರೆದು ಕುಳಿತಾಗ ನನ್ನ ಎದುರು ಕಣ್ಣೊರೆಸಿಕೊಂಡ ಹಿರಿಯರಿದ್ದಾರೆ. ಆದ್ದರಿಂದ ‘ಮುಚ್ಚಪ್ಪಾ ಇದನ್ನ’ ಎಂಬ ಮಾತು ನಿಮ್ಮ ಬಾಯಿಂದ ಬರುವುದಾದರೆ, ಲೆಕ್ಕದ ಹಾಳೆ ಕೈಯಲ್ಲಿಲ್ಲದೆ ಬರಬಾರದು. ದೀಪಾವಳಿಯ ಹೊತ್ತಿಗೆ ಆ ಕೂಲಿಯ ಅಂಕಿ ಐದೂವರೆ ಸಾವಿರದಿಂದ ಕದಲದಿದ್ದರೆ ಮುಚ್ಚುವುದೇ ಸರಿ. ಆಗಲೂ ಎರಡು ತಿಂಗಳು ಮುಂಚೆ ಗಿರಾಕಿಗಳಿಗೆ ತಿಳಿಸಿ, ಬಾಕಿ ವಸೂಲು ಮಾಡಿ, ಡಿಸ್ಟ್ರಿಬ್ಯೂಟರುಗಳ ಹಣ ತೀರಿಸಿ ಮುಚ್ಚಿ.

ಈ ಶನಿವಾರ ಸಂಜೆ ಗದಗಿನ ಗಾಡಿ ಹತ್ತಿ. ರವಿವಾರ ಬೆಳಿಗ್ಗೆ ಗಿರಾಕಿ ಬರುವ ಮೊದಲು ತಂದೆಯವರ ಪಕ್ಕದಲ್ಲಿ ಕುಳಿತು, ಹೋದ ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ಎರಡು ಗುಂಪು ಮಾಡಿ: ಪ್ಯಾಕೆಟ್ ಮಾಲು ಒಂದು ಕಡೆ, ಬಿಡಿ ಮಾಲು ಒಂದು ಕಡೆ. ಆಮೇಲೆ ಒಂದು ಹೊಸ ನೂರು ಹಾಳೆಯ ಪುಸ್ತಕ ತೆಗೆದುಕೊಂಡು, ಮನೆಗೊಂದು ಹಾಳೆಯಂತೆ, ಯಾರು ಯಾವ ಜೋಳ ಒಯ್ಯುತ್ತಾರೆ, ಯಾರ ಮನೆಯಲ್ಲಿ ಸಕ್ಕರೆ ರೋಗ, ಯಾರ ಮಗಳ ಸೀಮಂತ ಯಾವ ತಿಂಗಳು ಎಂದು ಕೇಳಿ ಬರೆದುಕೊಳ್ಳಲು ಶುರು ಮಾಡಿ.